ಮೂರು ಕೋಟಿ ಎಲ್ಲಿ ಹೋಯಿತು ಎನ್ನುವವರಿಗೆ

ಮೂಲ ಅಂತ್ಯವನ್ನು ಉಳಿಸಿಕೊಂಡ ‘ಶೋಲೆ’ಯ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೋನಾದಲ್ಲಿ ತೆರೆಕಂಡ ಮೇಲೆ ಹಳೆಯ ಆಕ್ಷೇಪಗಳೆಲ್ಲ ಮತ್ತೆ ಎದ್ದು ಕೂತಿವೆ. ಅಭಿಮಾನಿಗಳು ಇವಕ್ಕೆ ಕೊಡುವ ಉತ್ತರ ಒಂದೇ: ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತಲ್ಲ! ಆ ಉತ್ತರ ನನಗೆ ಬೇಡ. ಓಡಿದ್ದೆಲ್ಲ ಒಳ್ಳೆಯದು ಎಂದಾದರೆ ಚಿತ್ರಗಳ ಬಗ್ಗೆ ಮಾತಾಡುವುದನ್ನೇ ಬಿಟ್ಟು ಟಿಕೆಟ್ ಎಣಿಸುತ್ತ ಕೂರಬಹುದು.

ಮೊದಲ ದೂರು ದುಡ್ಡಿನದು. ನಿರ್ಮಾಪಕ ಅಪ್ಪ ಜಿ.ಪಿ. ಸಿಪ್ಪಿ, ನಿರ್ದೇಶಕ ಮಗ ರಮೇಶ್ ಸಿಪ್ಪಿ. ಕೇಳುವವರಿಲ್ಲದೆ ಒಂದು ಕೋಟಿಯ ಅಂದಾಜು ಮೂರು ಕೋಟಿಗೆ ಏರಿತು. 1973ರ ಅಕ್ಟೋಬರ್‌ನಲ್ಲಿ ಶುರುವಾದ ಕೆಲಸ 1975ರ ಆಗಸ್ಟ್ 15ರವರೆಗೆ ಎಳೆಯಿತು ಎನ್ನುತ್ತಾರೆ. ಲೆಕ್ಕದಲ್ಲಿ ತಕರಾರಿಲ್ಲ. ಆದರೆ ದಿನಗಳು ಎಲ್ಲಿ ಖರ್ಚಾದವು ಎಂದೂ ನೋಡಬೇಕಲ್ಲ? ಮೇಲಂತಸ್ತಿನ ಜಗಲಿಯಲ್ಲಿ ವಿಧವೆ ರಾಧಾ ಒಂದೊಂದೇ ದೀಪ ಆರಿಸುತ್ತಾಳೆ, ಕೆಳಗೆ ಬಾಡಿಗೆಗೆ ಬಂದ ಕಳ್ಳ ಜೈ ಮೌತ್ ಆರ್ಗನ್ ನುಡಿಸುತ್ತಾನೆ. ದೀಪದ ಇಂಥ ಎರಡು ಪುಟ್ಟ ದೃಶ್ಯಗಳಿಗೆ 20 ದಿನ ಹಿಡಿಯಿತು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರಿಗೆ ಬೇಕಿದ್ದದ್ದು ಸೂರ್ಯ ಮುಳುಗಿ ಕತ್ತಲು ಕವಿಯುವುದರೊಳಗಿನ ಮುಸ್ಸಂಜೆಯ ಬೆಳಕು. ಅದು ದಿನಕ್ಕೆ ಕೆಲವೇ ನಿಮಿಷ ಸಿಗುತ್ತದೆ. ಅಷ್ಟರೊಳಗೆ ಏನಾದರೂ ಎಡವಟ್ಟಾದರೆ ಆ ದಿನ ಮುಗಿಯಿತು; ಮತ್ತೆ ನಾಳೆ ಸಂಜೆಯೇ. ಹಗಲಲ್ಲೇ ತೆಗೆದು ಫಿಲ್ಟರ್ ಹಾಕಿ ರಾತ್ರಿ ಮಾಡಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು, ನಿಜ. ಆದರೆ ಜೈ-ರಾಧಾ ನಡುವೆ ಪ್ರೇಮದ ಮಾತೆಂಬುದೇ ಇಲ್ಲ. ಅವರ ನಡುವೆ ಇರುವುದೆಲ್ಲ ಆ ಬೆಳಕು ಮತ್ತು ಆ ದೂರ. ಬೆಳಕು ಸುಳ್ಳಾದರೆ ಪ್ರೇಮವೂ ಸುಳ್ಳು.

ಪನ್ವೇಲ್ ಬಳಿ ಮುಂಬಯಿ–ಪುಣೆ ಹಳಿಯ ಮೇಲೆ ರೈಲು ದರೋಡೆಗೆ ಏಳು ವಾರ ಹೋಯಿತು. ಕುದುರೆಗಳು ನಿಜ, ಓಡುವ ರೈಲು ನಿಜ, ಸಾಹಸ ಕಲಿಸಲು ಬ್ರಿಟನ್ನಿನಿಂದ ಬಂದವರೂ ನಿಜ. ಇನ್ನು ಮೋಟರ್‌ಸೈಕಲ್ ಮೇಲಿನ ದೋಸ್ತಿಯ ಹಾಡಿಗೆ ಮೂರು ವಾರ ಹಿಡಿದದ್ದನ್ನು ಸಮರ್ಥಿಸಲು ನನ್ನ ಕೈಲಾಗದು. ಮೋಟರ್‌ಸೈಕಲ್‌ಗೆ ಅಷ್ಟು ಸಮಯ ಬೇಕಿರಲಿಲ್ಲ. ಡಕಾಯಿತ ಗಬ್ಬರ್ ಪಾತ್ರಕ್ಕೆ ಮೊದಲು ಗೊತ್ತಾಗಿದ್ದ ಡ್ಯಾನಿ, ‘ಧರ್ಮಾತ್ಮ’ದ ಚಿತ್ರೀಕರಣಕ್ಕೆ ಅಫ್ಘಾನಿಸ್ತಾನದ ದಾರಿ ಹಿಡಿದದ್ದನ್ನೂ ಕೆಲವರು ಅವ್ಯವಸ್ಥೆಯ ಪಟ್ಟಿಗೆ ಸೇರಿಸುತ್ತಾರೆ. ಆ ‘ಅವ್ಯವಸ್ಥೆ’ಯಿಂದಲೇ ನಮಗೆ ಅಮ್ಜದ್ ಖಾನ್ ಸಿಕ್ಕಿದ್ದು.

ಎರಡನೆಯದು ಕದ್ದ ಮಾಲು ಎಂಬ ಆರೋಪ. ಮಾಜಿ ಪೊಲೀಸ್ ಅಧಿಕಾರಿ ಠಾಕೂರನ ಮನೆಯವರ ಹತ್ಯೆಯಲ್ಲಿ ಸೆರ್ಜಿಯೊ ಲಿಯೋನೆಯ ಸಾಲ ಎದ್ದು ಕಾಣುತ್ತದೆ. ಬಾಡಿಗೆಯ ಭಂಟರು ಹಳ್ಳಿ ಕಾಯುವುದು ಕುರೊಸಾವಾರಿಂದ ಬಂದದ್ದು. ಇದನ್ನು ಮುಚ್ಚಿಡುವುದೇಕೆ? ಬಲ್ಲ ಎದುರಾಳಿ ಇನ್ನೂ ಹತ್ತಿರದ್ದನ್ನು ತೋರಿಸುತ್ತಾನೆ: 1971ರ ‘ಮೇರಾ ಗಾಂವ್ ಮೇರಾ ದೇಶ್’. ಅಲ್ಲೂ ಧರ್ಮೇಂದ್ರ ಪುಡಿಗಳ್ಳ, ಡಕಾಯಿತನ ಹೆಸರು ಜಬ್ಬರ್ ಸಿಂಗ್, ಆ ಪುಡಿಗಳ್ಳನನ್ನು ಹಳ್ಳಿಗೆ ಕರೆಸುವ ನಿವೃತ್ತ ಹವಾಲ್ದಾರನಿಗೆ ಒಂದು ತೋಳಿಲ್ಲ. (ಆ ಪಾತ್ರ ಮಾಡಿದ ಜಯಂತ್, ಅಮ್ಜದ್ ಖಾನ್ ಅವರ ತಂದೆ.) ಏಟು ಗಟ್ಟಿಯಾಗಿಯೇ ಇದೆ. ಆದರೆ ಅಲ್ಲಿ ತೋಳಿಲ್ಲದಿರುವುದು ಪಾತ್ರದ ಒಂದು ಗುರುತು ಮಾತ್ರ. ‘ಶೋಲೆ’ ಬರೆದ ಸಲೀಂ–ಜಾವೇದ್ ಅದನ್ನೇ ಕಥೆಯ ಕೀಲು ಮಾಡಿದರು. ಹೋಳಿಯ ದಿನ ಜೈ ಮತ್ತು ಅವನ ಗೆಳೆಯ ವೀರು ಸಿಕ್ಕಿಬಿದ್ದಾಗ ಬಂದೂಕು ಠಾಕೂರನ ಕಾಲಬುಡದಲ್ಲೇ ಬಿದ್ದಿದೆ, ಆತ ಬಾಗುವುದಿಲ್ಲ. ಆ ಇಬ್ಬರಂತೆ ನಾವೂ ಅವನನ್ನು ಹೇಡಿ ಎಂದುಕೊಳ್ಳುತ್ತೇವೆ. ಶಾಲು ಜಾರಿ, ಅವನಿಗೆ ತೋಳುಗಳೇ ಇಲ್ಲವೆಂದು ಕಾಣುವುದು ಆಮೇಲೆ. ಸಾಲ ತಂದವನು ಬಡ್ಡಿಸಮೇತ ತೀರಿಸಿದ ಮೇಲೂ ಅವನನ್ನು ಕಳ್ಳ ಎನ್ನಬೇಕೆ?

ರಾಮನಗರದ ಬಂಡೆಗಳನ್ನು ಬಳಸಿಕೊಂಡು ‘ರಾಮಗಢ’ ಎಂದು ಕರೆದು ಹೊರಟುಹೋದರು ಎಂಬ ನಮ್ಮವರ ಮುನಿಸು ಅರ್ಥವಾಗುತ್ತದೆ. ಆದರೆ ಚಂಬಲ್ ಕಣಿವೆ ನೋಡಿ ನೋಡಿ ಹಳಸಿದ್ದ ಹಿಂದಿ ಡಕಾಯಿತ ಚಿತ್ರಕ್ಕೆ ಈ ಕಲ್ಲುಗುಡ್ಡಗಳು ಹೊಸ ಮುಖ ಕೊಟ್ಟವು. ಚಿತ್ರತಂಡದವರು ಹೆದ್ದಾರಿಯಿಂದ ರಸ್ತೆ ಹಾಕಿಸಿದರು, ಕಲಾ ನಿರ್ದೇಶಕ ರಾಮ್ ಯೆಡೇಕರ್ ಇಡೀ ಒಂದು ಊರನ್ನೇ ಕಟ್ಟಿಸಿದರು. ಬೆಟ್ಟ ಎಲ್ಲಿಗೂ ಹೋಗಿಲ್ಲ. ಅಲ್ಲಿನ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿದೆ.

ಕೊನೆಯದು, ನನಗೆ ನಿಜಕ್ಕೂ ಸಿಟ್ಟು ಬರಿಸುವ ವಾದ: ಸೆನ್ಸಾರ್ ಮಂಡಳಿ ಹಾಕಿಸಿದ ಅಂತ್ಯವೇ ಗೌರವಯುತ, ಮಾಜಿ ಪೊಲೀಸ್ ಅಧಿಕಾರಿ ಕಾನೂನನ್ನು ಕೈಗೆತ್ತಿಕೊಳ್ಳಬಾರದು ಎಂಬುದು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂದಿತ್ತು, ವಾದಿಸುವ ಕಾಲವಲ್ಲ. ಬಿಡುಗಡೆಗೆ ಕೆಲವೇ ವಾರಗಳಿರುವಾಗ ಅಂತ್ಯವನ್ನು ಮತ್ತೆ ಚಿತ್ರೀಕರಿಸಿದರು. ಠಾಕೂರ್ ಗಬ್ಬರನನ್ನು ಕೊಂದು ಅಳುವುದು ಹೋಯಿತು, ಪೊಲೀಸರು ಓಡಿಬಂದರು. ಇಮಾಮನ ಮಗನ ಕೊಲೆಗೆ ವ್ಯಯಿಸಿದ 19 ದಿನಗಳಲ್ಲೂ ಹೆಚ್ಚಿನದು ಕತ್ತರಿಗೆ ಹೋಯಿತು. ತೆರೆಯಲ್ಲಿ ನಾವು ಕಂಡದ್ದು ಗಬ್ಬರ್ ಹೊಸಕಿದ ಇರುವೆ. ದಂಡದ ಖರ್ಚು ಎಂದು ತೋರಿಸಬೇಕಾದ್ದು ಇದನ್ನು, ದೀಪದ ದೃಶ್ಯವನ್ನಲ್ಲ.

ಕಾನೂನಿನ ಮಾತಿಗೂ ಹೇಳುವುದಿದೆ. ಇಬ್ಬರು ಕಳ್ಳರಿಗೆ ಹಣ ಕೊಟ್ಟು ಕರೆಸಿದ ದಿನವೇ ಠಾಕೂರ್ ಕಾನೂನು ಬಿಟ್ಟಾಗಿತ್ತು. ಮೂರು ಗಂಟೆ ಅದನ್ನು ಒಪ್ಪಿಕೊಂಡ ಮಂಡಳಿ ಕೊನೆಯ ಮೂರು ನಿಮಿಷಕ್ಕೆ ಎಚ್ಚೆತ್ತಿತು. ಗಬ್ಬರನನ್ನು ತುಳಿಯಲೆಂದು ಮೊಳೆ ಹೊಡೆದ ಬೂಟುಗಳು ಪೊಲೀಸರು ಬರುವ ಪ್ರತಿಯಲ್ಲೂ ಠಾಕೂರನ ಕಾಲಲ್ಲೇ ಇವೆ. ಗಬ್ಬರನನ್ನು ಠಾಣೆಗೆ ಒಪ್ಪಿಸಲೆಂದೇ ಹೊರಟವನಿಗೆ ಅವು ಯಾಕೆ ಬೇಕಿದ್ದವು ಎಂಬುದನ್ನು ಈ ಅಂತ್ಯ ಮೆಚ್ಚುವವರು ಒಮ್ಮೆ ಹೇಳಲಿ.