ಚಿನ್ನದ ಕಣವನ್ನು ಬಡಿದು ನೋಡಿದರೆ

ಮನೆಯಲ್ಲೇ ಮಾಡುವ ಪ್ರೆಗ್ನೆನ್ಸಿ ಟೆಸ್ಟ್‌ನಲ್ಲಿ ಕೆಂಪು ಗೆರೆ ಮೂಡುತ್ತಲ್ಲ, ಎಷ್ಟೋ ಕಿಟ್‌ಗಳಲ್ಲಿ ಅದು ಚಿನ್ನ! ಕೆಲವು ಹತ್ತು ನ್ಯಾನೋಮೀಟರ್ ಅಗಲದ ಚಿನ್ನದ ಕಣಗಳು ಹಳದಿ ಬಿಟ್ಟು ಕೆಂಪಗೆ ಕಾಣುತ್ತವೆ. ಈ ವಾರ ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಅವುಗಳ ಬಣ್ಣವಲ್ಲ, ಕಂಪನ. ಬಡಿದರೆ ಅವೂ ಗಂಟೆಯ ಹಾಗೆ ಕಂಪಿಸುತ್ತವೆ.

ಬಡಿಯೋದು ಲೇಸರ್‌ನಿಂದ. ಅತಿ ಚಿಕ್ಕ ಬೆಳಕಿನ ಮಿಡಿತವೊಂದು ತಾಗಿದ ಕೂಡಲೇ ಕಣ ಬಿಸಿಯಾಗಿ ಹಿಗ್ಗುತ್ತದೆ, ಆಮೇಲೆ ಹಿಗ್ಗುತ್ತಾ ಕುಗ್ಗುತ್ತಾ ಉಸಿರಾಡುತ್ತದೆ. 50 ನ್ಯಾನೋಮೀಟರ್ ಕಣಕ್ಕೆ ಒಂದು ಉಸಿರಿಗೆ 16 ಪಿಕೋಸೆಕೆಂಡ್. ಪಿಕೋಸೆಕೆಂಡ್ ಅಂದ್ರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಮಿಡಿತದ ಅವಧಿಯಂತೂ ಅದಕ್ಕಿಂತಲೂ ಚಿಕ್ಕದು, ಫೆಮ್ಟೋಸೆಕೆಂಡ್‌ಗಳ ಲೆಕ್ಕದ್ದು.

ಇದನ್ನು ಅಳೆಯೋದು ಹೇಗೆ? ಸಾಮಾನ್ಯ ಬೆಳಕಿನ ಸೆನ್ಸರ್‌ಗೆ ಅಷ್ಟು ವೇಗವಿಲ್ಲ. ಉಪಾಯ ಕೇಳಿದರೆ ನಗು ಬರುತ್ತೆ: ಗಡಿಯಾರದ ಬದಲು ಸ್ಕೇಲು! ಒಂದೇ ಮಿಡಿತವನ್ನು ಎರಡಾಗಿ ಸೀಳುತ್ತಾರೆ. ಮೊದಲನೆಯದು ಬಡಿಯುತ್ತದೆ. ಎರಡನೆಯದು ಕನ್ನಡಿಗೆ ತಾಗಿ ಸುತ್ತು ಹಾದಿಯಲ್ಲಿ ಬಂದು, ಕಣ ಈಗ ಎಷ್ಟು ಬೆಳಕು ಹೀರುತ್ತಿದೆ ಅಂತ ನೋಡುತ್ತದೆ. ಕನ್ನಡಿಯನ್ನು 0.15 ಮಿಲಿಮೀಟರ್ ಹಿಂದೆ ಸರಿಸಿದರೆ ಹೋಗಿಬರುವ ದಾರಿ 0.3 ಮಿಲಿಮೀಟರ್ ಹೆಚ್ಚುತ್ತದೆ, ಬೆಳಕು ಸರಿಯಾಗಿ ಒಂದು ಪಿಕೋಸೆಕೆಂಡ್ ತಡವಾಗುತ್ತದೆ. ಹೀಗೆ ಕನ್ನಡಿ ಸರಿಸುತ್ತಾ, ಮತ್ತೆ ಮತ್ತೆ ಬಡಿಯುತ್ತಾ, ಇಡೀ ಕಂಪನವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸುತ್ತಾರೆ. ಅಣುಗಳ ಮೇಲೆ ಇದೇ ಬಗೆಯ ಪ್ರಯೋಗ ಮಾಡಿದ ಅಹ್ಮದ್ ಜೆವೈಲ್‌ಗೆ 1999ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು.

ಒಂದು ತೊಡಕಿತ್ತು. ದ್ರಾವಣದ ಒಂದು ಹನಿಯಲ್ಲೇ ಲೆಕ್ಕವಿಲ್ಲದಷ್ಟು ಕಣ, ಒಂದರ ಗಾತ್ರ ಇನ್ನೊಂದಕ್ಕಿಲ್ಲ. ದೊಡ್ಡದು ನಿಧಾನ, ಚಿಕ್ಕದು ಚುರುಕು. ಒಟ್ಟಿಗೆ ಶುರುವಾದ ಚಪ್ಪಾಳೆ ತಾಳ ತಪ್ಪಿ ಬರೀ ಗದ್ದಲವಾಗುತ್ತಲ್ಲ, ಹಾಗೇ ಆಗುತ್ತೆ. ಪ್ರತಿ ಕಣವೂ ಇನ್ನೂ ಕಂಪಿಸುತ್ತಿದ್ದರೂ ಒಟ್ಟು ಸಂಕೇತ ಬೇಗ ಸತ್ತುಹೋಗುತ್ತದೆ. (ಸರ್ವೆಯ ಸರಾಸರಿ ತೋರಿಸಿ ‘ಎಲ್ರೂ ಖುಷಿಯಾಗಿದ್ದಾರೆ’ ಅನ್ನೋ ನಿಮ್ಮ ಎಚ್‌ಆರ್ ನೆನಪಾದರೆ ನಾನು ಹೊಣೆಯಲ್ಲ.)

2005ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಮಿಷೆಲ್ ಒರಿಟ್ ಮತ್ತು ಜೊತೆಗಾರರು ಒಂದೇ ಒಂದು ಚಿನ್ನದ ಕಣವನ್ನು ಹಿಡಿದು ಕೇಳಿದರು. ನನಗೆ ಇದೇ ಇಡೀ ಕಥೆಯ ಸೊಗಸು. ಗುಂಪಿನ ಗದ್ದಲ ಹೋದ ಮೇಲೆ, ಕಂಪನ ನಿಜಕ್ಕೂ ಎಷ್ಟು ಹೊತ್ತಿಗೆ ಆರುತ್ತದೆ ಅನ್ನೋದು ಗೊತ್ತಾಯಿತು. ಜೊತೆಗೆ ಇನ್ನೊಂದು ನಿಧಾನದ ಕಂಪನವೂ ಸಿಕ್ಕಿತು: ಅದರಲ್ಲಿ ಕಣ ಬರೀ ಹಿಗ್ಗಿ ಕುಗ್ಗುವುದಿಲ್ಲ, ತನ್ನ ಆಕಾರವನ್ನೇ ಬದಲಿಸುತ್ತಿರುತ್ತದೆ.