ಸುರಂಗದ ಊರಿನಲ್ಲಿ ಜಿಯಾಲಜಿ ಮೇಷ್ಟ್ರಿಗೆ ನಮ್ಮ ಮಾತು ಬೇಡವೇ?

ಹೋದ ಬೇಸಗೆಯಲ್ಲಿ ನಮ್ಮ ಊರಿಗೆ ಜಿಯಾಲಜಿ ಓದುವ ನಾಲ್ಕೈದು ಮಕ್ಕಳು ಬಂದಿದ್ದರು. ಯಾವ ಕಾಲೇಜು ಎಂಬುದು ಇಲ್ಲಿ ಬೇಡ. ಕೈಯಲ್ಲಿ ಸುತ್ತಿಗೆ, ಜಿಪಿಎಸ್, ಪ್ರಶ್ನೆಗಳ ಒಂದು ಫಾರ್ಮ್. ಒಳ್ಳೆಯ ಮಕ್ಕಳು, ಬಿಸಿಲಲ್ಲಿ ಬೆವರು ಸುರಿಸಿಕೊಂಡು ಗುಡ್ಡ ಹತ್ತಿದರು. ನೆರೆಮನೆ ಅಜ್ಜನ ತೋಟದ ಹಿಂದೆ ಒಂದು ಹಳೆ ಸುರಂಗ ಉಂಟು. ಎಲ್ಲಿವರೆಗೆ ಮುರಕಲ್ಲು, ಎಲ್ಲಿಂದ ಶೇಡಿ ಮಣ್ಣು ಶುರು, ಯಾವ ವರ್ಷದ ಮಳೆಗೆ ಸುರಂಗದ ಬಾಯಿ ಕುಸಿಯಿತು, ಮೇಲಿನ ಗುಡ್ಡಕ್ಕೆ ಜೆಸಿಬಿ ಬಂದ ಮೇಲೆ ನೀರು ಹೇಗೆ ಕೆಂಪಾಯಿತು ಅಂತ ಅಜ್ಜ ಅರ್ಧ ಗಂಟೆ ವಿವರಿಸಿದರು. ಮಕ್ಕಳು ತಲೆಯಾಡಿಸಿದರು. ಫಾರ್ಮಿನಲ್ಲಿ ಬರೆದದ್ದು ಇಷ್ಟೇ: ನೀರಿನ ಮೂಲ, ಇತರೆ.

ಅರ್ಧ ಗಂಟೆಯ ಭೂವಿಜ್ಞಾನ 'ಇತರೆ' ಆಗಿ ಹೋಯಿತು ಮಾರಾಯ್ರೇ! ಮಕ್ಕಳ ತಪ್ಪಲ್ಲ. ಅವರಿಗೆ ಕನ್ನಡ ಬರ್ತಿರಲಿಲ್ಲ, ಜೊತೆಗೆ ಬಂದ ಮೇಷ್ಟ್ರಿಗೂ ಬರ್ತಿರಲಿಲ್ಲ. ಆ ಮೇಷ್ಟ್ರನ್ನು ಆರಿಸುವಾಗ ಯಾರೂ ಅದನ್ನು ಕೇಳಿಯೂ ಇರಲಿಕ್ಕಿಲ್ಲ. ನಮ್ಮ ತಕರಾರು ಇರೋದು ಅಲ್ಲಿ.

ವಿಶ್ವವಿದ್ಯಾಲಯಕ್ಕೆ ಜಿಯಾಲಜಿಯ ಅಸಿಸ್ಟೆಂಟ್ ಪ್ರೊಫೆಸರನ್ನು ಹೇಗೆ ಆರಿಸ್ತಾರೆ ಅಂತ ನಮ್ಮ ಹುಡುಗರಲ್ಲಿ ಎಷ್ಟು ಜನರಿಗೆ ಗೊತ್ತು? ಯುಜಿಸಿಯ 2018ರ ನಿಯಮಾವಳಿ ಓದಿ ನೋಡಿ. ಎಂಎಸ್ಸಿಯಲ್ಲಿ ಶೇ. 55, ಜೊತೆಗೆ ನೆಟ್ ಅಥವಾ ನಿಯಮಕ್ಕೆ ಸರಿಹೊಂದುವ ಪಿಎಚ್‌ಡಿ. ಆಮೇಲೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎನ್ನಲು 100 ಅಂಕದ ಒಂದು ಪಟ್ಟಿ. ಪಿಎಚ್‌ಡಿಗೆ 30, ಪ್ರಬಂಧಗಳಿಗೆ 10, ಪಾಠ ಮಾಡಿದ ಅನುಭವಕ್ಕೆ 10, ಪ್ರಶಸ್ತಿಗೆ 3. ಗುಡ್ಡ ಹತ್ತಿದ್ದಕ್ಕೆ ಬೇರೆ ಅಂಕ ಇಲ್ಲ. ಊರಿನ ಜನರ ಹತ್ತಿರ ಮಾತಾಡಲು ಬರ್ತದಾ ಎಂಬ ಕಾಲಂ ಅಂತೂ ಇಲ್ಲವೇ ಇಲ್ಲ. ಇಷ್ಟೆಲ್ಲ ಕೂಡಿಸಿದ ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ. ಕೊನೆಯ ಆಯ್ಕೆ ಸಂದರ್ಶನದ ಮೇಲೆಯೇ. ಅಂದ್ರೆ ಆ ಕೋಣೆಯಲ್ಲಿ ಏನು ಕೇಳ್ತಾರೆ, ಏನು ಕೇಳುವುದಿಲ್ಲ ಎಂಬುದರ ಮೇಲೆ ಎಲ್ಲ ನಿಂತಿದೆ.

"ಕಲ್ಲಿಗೆ ಭಾಷೆ ಉಂಟಾ? ವಿಜ್ಞಾನ ಎಲ್ಲ ಕಡೆ ಒಂದೇ ಅಲ್ವಾ?" ಈ ಮಾತು ಹೊರಗಿನವರಿಗಿಂತ ನಮ್ಮವರ ಬಾಯಲ್ಲೇ ಜಾಸ್ತಿ ಕೇಳಿದ್ದೇನೆ. ಕಲ್ಲಿಗೆ ಭಾಷೆ ಇಲ್ಲ, ಸರಿ. ಆದರೆ 'ಲ್ಯಾಟರೈಟ್' ಎಂಬ ಹೆಸರು ಎಲ್ಲಿಂದ ಬಂತು? ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಜನ ಆ ಕಲ್ಲನ್ನು ಕಡಿದು ಗೋಡೆ ಕಟ್ಟುವುದನ್ನು ಕಂಡ. ಇಲ್ಲಿನ ಮಾತುಗಳಲ್ಲಿ ಇದನ್ನು ಇಟ್ಟಿಗೆ ಕಲ್ಲು ಅಂತಾರೆ ಎಂದು ಬರೆದುಕೊಂಡ. ಇಟ್ಟಿಗೆಗೆ ಲ್ಯಾಟಿನ್‌ನಲ್ಲಿ 'ಲೇಟರ್'. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಆ ಹೆಸರು ಜಗತ್ತಿಗೆಲ್ಲ ಹೋಯಿತು. ಜಿಯಾಲಜಿಯ ಒಂದು ದೊಡ್ಡ ಪದವೇ ನಮ್ಮ ಕಲ್ಲು ಕಡಿಯುವವರ ಬಾಯಿಂದ ಎತ್ತಿಕೊಂಡದ್ದು! ಜಂಬಿಟ್ಟಿಗೆ ಅನ್ನುವ ನಮ್ಮ ಶಬ್ದದೊಳಗೂ ಅದೇ ಇಟ್ಟಿಗೆ ಕೂತಿದೆ ನೋಡಿ. ಇನ್ನೂರು ವರ್ಷದ ಹಿಂದೆ ಬಂದ ಪರದೇಶಿಗೆ ಇದ್ದ ಕಿವಿ, ಇವತ್ತು ನಮ್ಮ ಪಕ್ಕದ ಕ್ಯಾಂಪಸ್ಸಿನವರಿಗೆ ಇರಬಾರದಾ?

ಶೇಡಿಯ ವಿಷಯ ಇನ್ನೂ ಗಂಭೀರ. ಮುರಕಲ್ಲಿನ ಪದರದ ಕೆಳಗೆ ಬರುವ ಈ ಬಿಳಿ, ಗುಲಾಬಿ, ಹಳದಿ ಮಣ್ಣು ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬಲವೇ ಇರೋದಿಲ್ಲ. ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡಿದರೆ ಮಳೆಗಾಲದಲ್ಲಿ ಏನಾಗ್ತದೆ ಅಂತ ನಮ್ಮ ಕಡೆ ಬಾವಿ ತೋಡುವವರಿಗೆ ಪುಸ್ತಕ ಓದದೆ ಗೊತ್ತು. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಜಾರಿತು. ಅದಕ್ಕೆ ಒಂದು ವರ್ಷ ಮೊದಲು ವಯನಾಡಿನ ಮುಂಡಕೈ, ಚೂರಲ್‌ಮಲೆ. ಗುಡ್ಡ ಕುಸಿಯುವ ಮೊದಲು ಬಿರುಕು ಎಲ್ಲಿ ಬಿಟ್ಟಿತ್ತು, ಒರತೆ ಎಲ್ಲಿ ಹೊಸದಾಗಿ ಹುಟ್ಟಿತ್ತು, ಯಾವ ಬಾವಿಯ ನೀರು ಕಲಕಿತ್ತು ಎಂಬುದು ಉಪಗ್ರಹದ ಚಿತ್ರದಲ್ಲಿ ಪೂರ್ತಿ ಸಿಗೋದಿಲ್ಲ. ಆ ಗುಡ್ಡದ ಬುಡದಲ್ಲಿ ಬದುಕುವವರ ನೆನಪಿನಲ್ಲಿ ಸಿಗ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆಯಲ್ಲಿ ಆ ನೆನಪು ಇರೋದು ಕನ್ನಡದಲ್ಲಿ, ತುಳುವಿನಲ್ಲಿ. ಅತ್ತ ಜತ್ತ, ಅಕ್ಕಲಕೋಟೆಯಲ್ಲಿ ಎರೆ ಎಷ್ಟು ಆಳ, ಗರಸು ಎಲ್ಲಿ, ಯಾವ ಬೋರಿಗೆ ಎಷ್ಟಕ್ಕೆ ಕಲ್ಲು ಹತ್ತಿತು ಅನ್ನೋ ಲೆಕ್ಕ ಇರೋದೂ ಕನ್ನಡದಲ್ಲೇ.

ಮಲಯಾಳಿ ಮೇಷ್ಟ್ರು ಬರಬಾರದು, ಮರಾಠಿ ಮೇಷ್ಟ್ರು ಬರಬಾರದು ಅಂತ ಇದನ್ನು ಯಾರಾದರೂ ತಿರುಚಿದರೆ ಅದು ಅವರ ಹಣೆಬರಹ. ಬಿಹಾರದವರು ಬಂದು ಆರು ತಿಂಗಳಲ್ಲಿ ಕನ್ನಡ ಕಲಿತರೆ ಹೂಮಾಲೆ ಹಾಕೋಣ. ನಾವು ಕೇಳೋದು ಒಂದು ಸಾಲು ಮಾತ್ರ. ಜಾಹೀರಾತುಗಳಲ್ಲಿ 'ಅಪೇಕ್ಷಣೀಯ' ಅಂತ ಬರೆದು ಇಂಥ ವಿಶೇಷ ಅಧ್ಯಯನ ಇದ್ದರೆ ಒಳ್ಳೆಯದು ಎನ್ನುತ್ತಾರಲ್ಲ, ಅಲ್ಲೇ 'ಕ್ಷೇತ್ರಕಾರ್ಯದ ಪ್ರದೇಶದ ಭಾಷೆ ಬಲ್ಲವರು' ಅಂತ ಸೇರಿಸಿ. ಸಂದರ್ಶನದಲ್ಲಿ ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. ಯಾರ ಮೆರಿಟ್ಟೂ ಕಮ್ಮಿ ಆಗೋದಿಲ್ಲ. ಕಾಸರಗೋಡಿನ ಕಚೇರಿಗಳಿಗೆ ಕನ್ನಡ ಮಲಯಾಳ ಎರಡೂ ಬಲ್ಲ ಕ್ಲಾರ್ಕ್ ಬೇಕು ಅಂತ ಕೇರಳ ಪಿಎಸ್‌ಸಿ ಅರ್ಜಿ ಕರೆಯುವುದುಂಟು. ಕಡತ ನೋಡುವವರಿಗೆ ಬೇಕಾದ ಭಾಷೆ ಮನೆಯ ಬಾವಿಗೆ ಇಣುಕುವವರಿಗೆ ಬೇಡವಾ?

ಇನ್ನು ನಮ್ಮ ಕಡೆಗೆ ತಿರುಗೋಣ. ನಾಳೆಯೇ ಆ ಸಾಲು ಸೇರಿಸಿದರು ಅಂತ ಇಟ್ಟುಕೊಳ್ಳಿ. ಅರ್ಜಿ ಹಾಕಲಿಕ್ಕೆ ನಮ್ಮಲ್ಲಿ ಯಾರಿದ್ದೀರಿ? ಪ್ಲಸ್ ಟು ಸೈನ್ಸ್ ಆದ ಮೇಲೆ ನರ್ಸಿಂಗ್, ಬಿಸಿಎ, ಬಿಎಡ್. ಜಿಯಾಲಜಿ ಅಂದ್ರೆ "ಕಲ್ಲು ಓದ್ಲಿಕ್ಕೆ ಹೋಗ್ತಾನಂತೆ" ಅಂತ ಮನೆಯಲ್ಲೇ ನಗು. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗ ಇರುವ ಅದೇ ಕಾಂಪೌಂಡಿನೊಳಗೆ ಜಿಯಾಲಜಿ ಎಂಎಸ್ಸಿವರೆಗೂ ಉಂಟು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಉಂಟು. ಗಡಿ ದಾಟಿದರೆ ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನ. ಸೊಲ್ಲಾಪುರ ವಿಶ್ವವಿದ್ಯಾಲಯದಲ್ಲೂ ಭೂವಿಜ್ಞಾನದ ವಿಭಾಗ ಇದೆ. ಸಭೆಯಲ್ಲಿ ಕನ್ನಡ ಉಳಿಸಿ ಅಂತ ಕೂಗುವ ಗಂಟಲಿಗೆ ಬಿಎಸ್ಸಿ ಅರ್ಜಿ ತುಂಬುವ ಕೈ ಜೊತೆಯಾಗದಿದ್ದರೆ ಆ ಕುರ್ಚಿಯಲ್ಲಿ ಬೇರೆಯವರು ಕೂತರು ಅಂತ ಯಾರನ್ನು ದೂರೋಣ?

ಗಡಿನಾಡಿನವರು ಬೀಳುವ ಒಂದು ಗುಂಡಿಯನ್ನೂ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಎಂಎಸ್ಸಿ ಮಾಡಿ ಕೆ-ಸೆಟ್ ಪಾಸು ಮಾಡ್ತೀರಿ, ಊರಿಗೆ ಬಂದು ಸಿಹಿ ಹಂಚ್ತೀರಿ. ಆದರೆ 2002ರ ಜೂನ್ 1ರ ನಂತರ ನಡೆದ ಸೆಟ್ ಪರೀಕ್ಷೆಗಳು ಆಯಾ ರಾಜ್ಯದೊಳಗೆ ಮಾತ್ರ ನಡೆಯುವ ನಾಣ್ಯ. ಕೆ-ಸೆಟ್ ಹಿಡಿದುಕೊಂಡು ಪೆರಿಯಕ್ಕೂ ಹೋಗಲಾಗದು, ಸೊಲ್ಲಾಪುರಕ್ಕೂ ಹೋಗಲಾಗದು. ಕೇರಳದ ಸೆಟ್ ಹೈಯರ್ ಸೆಕೆಂಡರಿ ಮೇಷ್ಟ್ರಿಗೆ, ಅದು ಬೇರೆಯೇ. ನಮ್ಮಂಥವರು ಬರೆಯಬೇಕಾದದ್ದು ಸಿಎಸ್‌ಐಆರ್-ಯುಜಿಸಿ ನೆಟ್, ಭೂಮಿ, ವಾತಾವರಣ, ಸಾಗರ ಮತ್ತು ಗ್ರಹ ವಿಜ್ಞಾನದ ಪತ್ರಿಕೆ. ಅದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಅದೂ ಒಂದು ಜಗಳವೇ, ಇನ್ನೊಮ್ಮೆ ಆಡೋಣ. ಸದ್ಯಕ್ಕೆ ಇಂಗ್ಲಿಷಿನಲ್ಲೇ ಬರೆದು ಪಾಸಾಗಿ.

ಪದವಿಯಲ್ಲಿ ಇರುವವರು ಅಲ್ಲಿವರೆಗೆ ಒಂದು ಕೆಲಸ ಮಾಡಬಹುದು. 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ. ಪೆರಿಯಕ್ಕೆ ಕಾಸರಗೋಡಿನವರು, ಸೊಲ್ಲಾಪುರಕ್ಕೆ ಅಕ್ಕಲಕೋಟೆ, ಜತ್ತದವರು ಹಾಕಿ. ಭೂವಿಜ್ಞಾನ ವಿಭಾಗದಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಹಿಂದಿನ ನೇಮಕದ ಜಾಹೀರಾತಿನಲ್ಲಿ ಅಪೇಕ್ಷಣೀಯ ಅರ್ಹತೆ ಏನು ಹಾಕಿದ್ದರು ಅಂತ ಕೇಳಿ. ಉತ್ತರ ಬಂದ ಮೇಲೆ ರಿಜಿಸ್ಟ್ರಾರರಿಗೆ ಮನವಿ. ಮುಂದಿನ ಜಾಹೀರಾತು ಅಚ್ಚಾಗುವ ಮೊದಲೇ ಅದು ಅವರ ಮೇಜಿನ ಮೇಲೆ ಇರಬೇಕು, ಆಮೇಲೆ ಹೋದರೆ "ಮುಂದಿನ ಸಲ ನೋಡೋಣ" ಅಂತ ಕಳಿಸ್ತಾರೆ. ಆ ಅಜ್ಜನ ಸುರಂಗದ ನಾಲ್ಕು ಫೋಟೋ, ಕಲ್ಲು ಎಲ್ಲಿ ಮುಗಿದು ಶೇಡಿ ಎಲ್ಲಿ ಶುರು ಎಂಬ ಕೈಬರಹದ ಒಂದು ನಕ್ಷೆ ನಮ್ಮ ಮನವಿಗೆ ಲಗತ್ತಿಸುತ್ತಿದ್ದೇವೆ. ನಿಮ್ಮ ಊರಿನದ್ದೂ ಒಂದು ಮಾಡಿ ಕಳಿಸಿ.