ಅಟ್ಟದ ಮೇಲಿನ ಹಾರ್ಮೋನಿಯಂ

ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಅಟ್ಟ, ಕಪಾಟುಗಳನ್ನು ಖಾಲಿ ಮಾಡುವ ಕೆಲಸ ಶುರುವಾಗುತ್ತದೆ. ಬೆಳಿಗ್ಗೆ ಕೆಳಗಿಳಿದ ಸಾಮಾನಿನಲ್ಲಿ ಮುಕ್ಕಾಲು ಪಾಲು ಸಂಜೆಯ ಹೊತ್ತಿಗೆ ಪುನಃ ಮೇಲೇರಿರುತ್ತದೆ. ಅದು ಬೇಕು ಎಂದಲ್ಲ. ಎಸೆಯಲು ಮನಸ್ಸು ಬರುವುದಿಲ್ಲ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಆರನೇ ತರಗತಿಯಲ್ಲಿದ್ದಾಗ ತಂದೆ ಕಂತಿನಲ್ಲಿ ಹಾರ್ಮೋನಿಯಂ ಕೊಡಿಸಿದರು. ಮೂರು ತಿಂಗಳು ಪಾಠ ನಡೆಯಿತು. ಆಮೇಲೆ ಟ್ಯೂಷನ್, ಎಸ್ಸೆಸ್ಸೆಲ್ಸಿ, ಪಿಯುಸಿ. ಈಗ ಆ ಪೆಟ್ಟಿಗೆ ಹಳೆಯ ಸೀರೆ ಹೊದ್ದು ಅಟ್ಟದಲ್ಲಿದೆ. ಕಣ್ಣಿಗೆ ಬಿದ್ದಾಗಲೆಲ್ಲ ಅಪ್ಪನ ದುಡ್ಡು ಹಾಳು ಮಾಡಿದೆನಲ್ಲ ಎಂದು ಹುಡುಗಿಗೆ ಚುಚ್ಚುತ್ತದೆ. ತನ್ನ ಆಸೆಯನ್ನು ಮಗಳ ಮೇಲೆ ಹೇರಿದೆನೇನೋ ಎಂಬ ಅಳುಕು ತಂದೆಗೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಯಾರಿಗಾದರೂ ಕೊಟ್ಟುಬಿಡೋಣ ಎಂದು ತಾಯಿ ಹೇಳಿದರೆ ಮಾತ್ರ ಇಬ್ಬರೂ ಒಟ್ಟಿಗೇ "ಇರಲಿ" ಎನ್ನುತ್ತಾರೆ.

ಇಟ್ಟುಕೊಂಡ ಮಾತ್ರಕ್ಕೆ ಕೊಟ್ಟ ದುಡ್ಡು ಹಿಂದಿರುಗುವುದಿಲ್ಲ. ಅತ್ತ ಹಾರ್ಮೋನಿಯಂ ಕೂಡ ಇದ್ದ ಹಾಗೇ ಇರುವುದಿಲ್ಲ. ತಿದಿ ಬಿರಿಯುತ್ತದೆ, ರೀಡುಗಳಲ್ಲಿ ದೂಳು ಕೂತು ಸ್ವರ ಕೆಡುತ್ತದೆ. ಇನ್ನೊಬ್ಬರಿಗೆ ಒದಗಬಹುದಾಗಿದ್ದ ವಸ್ತು ವರ್ಷ ವರ್ಷಕ್ಕೆ ಯಾರಿಗೂ ಬೇಡದ್ದಾಗುತ್ತದೆ.

ಕೈಗೆ ಬಂದ ವಸ್ತುವಿನ ಬೆಲೆ ಮನಸ್ಸಿನಲ್ಲಿ ತಾನಾಗಿ ಏರಿಬಿಡುತ್ತದೆ. ಡೇನಿಯಲ್ ಕಾಹ್ನೆಮನ್, ರಿಚರ್ಡ್ ಥೇಲರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿಗೆ ಕಾಫಿ ಮಗ್ ಕೊಡಲಾಯಿತು. ಮಗ್ ಪಡೆದವರು ಅದನ್ನು ಮಾರಲು ಕೇಳಿದ ಬೆಲೆ, ಪಡೆಯದವರು ಕೊಡಲು ಒಪ್ಪಿದ್ದಕ್ಕಿಂತ ಸುಮಾರು ಎರಡರಷ್ಟಿತ್ತು. ಕೆಲವೇ ನಿಮಿಷದ ಒಡೆತನಕ್ಕೇ ಹೀಗಾದರೆ, ಆರು ವರ್ಷ ಅಟ್ಟದಲ್ಲಿದ್ದ ಹಾರ್ಮೋನಿಯಂ ಗತಿ ಏನು!

ನಮ್ಮಲ್ಲಿ ಇದಕ್ಕೆ ಹಿರಿಯರ ಮಿತವ್ಯಯವೂ ಸೇರಿದೆ. ಆದರೆ ಹಿರಿಯರು ಮಾಡಿದ್ದು ಏನು? ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿದರು. ಬಟ್ಟೆಯನ್ನು ಎಸೆಯಲಿಲ್ಲ ನಿಜ, ಗಂಟು ಕಟ್ಟಿ ಅಟ್ಟಕ್ಕೂ ಹಾಕಲಿಲ್ಲ.

ಪುಸ್ತಕಗಳ ವಿಷಯದಲ್ಲಿ ಸಂಕಟ ಇನ್ನೂ ಹೆಚ್ಚು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ಅದನ್ನು ರದ್ದಿಯವನ ತಕ್ಕಡಿಗೆ ಹಾಕುವುದು ಹೇಗೆ? ಪಠ್ಯ ಬದಲಾಗಿಲ್ಲವಾದರೆ ಕೆಳಗಿನ ತರಗತಿಯ ಹುಡುಗನಿಗೆ ಈ ತಿಂಗಳೇ ಕೊಡಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹಳೆಯ ಪುಸ್ತಕಗಳನ್ನು ಕೊಳ್ಳುವವರೂ ಇದ್ದಾರೆ. ನೋಟ್ ಪುಸ್ತಕದ ಖಾಲಿ ಹಾಳೆಗಳನ್ನು ಹೊಲಿದರೆ ರಫ್ ಪುಸ್ತಕವಾಯಿತು. ಪಠ್ಯ ಬದಲಾದ ಗೈಡುಗಳನ್ನು ಮಾತ್ರ ನಿಸ್ಸಂಕೋಚವಾಗಿ ರದ್ದಿಗೆ ಹಾಕಬಹುದು, ಮರಳಿ ಕಾಗದವೋ ರಟ್ಟೋ ಆದೀತು. ಅವನ್ನು ಬಡ ವಿದ್ಯಾರ್ಥಿಗೆ ದಾನ ಕೊಡುವುದು ತಮ್ಮ ಅಳುಕನ್ನು ಅವನ ತಲೆಗೆ ಕಟ್ಟಿದಂತೆ. ಗುಂಡಿ ಕಿತ್ತ ಯೂನಿಫಾರಂ, ಅಟ್ಟೆ ಸವೆದ ಬೂಟು ಕೊಟ್ಟು ಪುಣ್ಯ ಎಣಿಸುವವರೂ ಇಲ್ಲದಿಲ್ಲ.

ಇಲ್ಲಿ ತಂದೆ ತಾಯಿಯರ ಪಾಲೂ ಇದೆ. ಮಕ್ಕಳು ಏನನ್ನಾದರೂ ಹೊರಗೆ ಹಾಕಲು ಹೊರಟಾಗ "ಎಷ್ಟು ದುಡ್ಡು ಕೊಟ್ಟು ತಂದದ್ದು ಗೊತ್ತೇನು?" ಎಂಬ ಮಾತು ತಟ್ಟನೆ ಬರುತ್ತದೆ. ಮಗುವಿಗೆ ಅದು ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಇಷ್ಟು ದಿನ ಅಟ್ಟದ ಕಡೆ ನೋಡಿರುವುದಿಲ್ಲ. ಮೂರು ತಿಂಗಳು ಕಲಿತದ್ದೂ ಕಲಿಕೆಯೇ, ಸಂಗೀತ ತನ್ನ ದಾರಿಯಲ್ಲ ಎಂದು ತಿಳಿದದ್ದೂ ಲಾಭವೇ ಎಂದು ದೊಡ್ಡವರು ಬಾಯಿಬಿಟ್ಟು ಹೇಳಿದರೆ ಅರ್ಧ ಭಾರ ಇಳಿಯುತ್ತದೆ.

ಆ ಮನೆಯಲ್ಲಿ ಕೊನೆಗೊಂದು ದಿನ ಸಂಗೀತದ ಮೇಡಂ ಹೊಸ ಶಿಷ್ಯನೊಬ್ಬನನ್ನು ಕಳಿಸಿದರು ಎನ್ನೋಣ. ಏಣಿ ಹಿಡಿದು ನಿಂತ ತಂದೆ ಮಗಳಿಗೆ ಹೇಳುತ್ತಾರೆ:

"ಆ ಮೂಲೆಯ ಟ್ರಂಕನ್ನೂ ಇಳಿಸಮ್ಮ. ಅದರಲ್ಲಿ ನನ್ನ ಶಾರ್ಟ್‌ಹ್ಯಾಂಡ್ ಪುಸ್ತಕಗಳಿವೆ. ನಿಮ್ಮ ತಾತ ಸಾಲ ಮಾಡಿ ಫೀಸು ಕಟ್ಟಿದ್ದರು. ನಾನು ಪರೀಕ್ಷೆಗೇ ಕೂರಲಿಲ್ಲ."